ಮೊದಲು ಸೀಟು ಎಣಿಸಿ, ಆಮೇಲೆ ಎಂಜಿನ್ ಕೇಳಿ

ನಮ್ಮ ಮನೆಯಲ್ಲಿ ಪಿಕಪ್ ತಗೊಳ್ಳುವ ಮಾತು ಎದ್ದಾಗ ಮೈದುನನ ಬಾಯಲ್ಲಿ ಬರೀ ಎಂಜಿನ್. ಹೈಲಕ್ಸ್‌ಗೆ 204 ಎಚ್‌ಪಿಯಂತೆ, ವಿ-ಕ್ರಾಸ್‌ಗೆ 163 ಅಂತೆ, ಬೊಲೆರೊ ಕ್ಯಾಂಪರ್‌ಗೆ ಬರೀ 75 ಅಂತೆ. ಯಜಮಾನರಿಗೆ ಗೊಬ್ಬರದ ಚೀಲ ಎಷ್ಟು ಹಿಡಿಯುತ್ತದೆ ಎನ್ನುವ ಚಿಂತೆ. ಜಗಲಿಯಲ್ಲಿ ಕೂತಿದ್ದ ನಮ್ಮ ಅತ್ತೆ ಮಾತ್ರ, “ಅದೆಲ್ಲ ಇರ್ಲಿ, ನಾನೆಲ್ಲಿ ಕೂರೋದು ಅಂತ ಹೇಳಿ” ಎಂದರು. ಎಲ್ಲರೂ ನಕ್ಕರು. ಆಟೋ ಕಾಂಪ್ಲೆಕ್ಸ್, ಶೋರೂಮು, ವಿಮೆ ಆಫೀಸು ಎಲ್ಲ ಸುತ್ತಿ ಬಂದ ಮೇಲೆ ನನಗೆ ಅನ್ನಿಸಿದ್ದು, ಆ ದಿನ ಕೇಳಬೇಕಾದ್ದನ್ನು ಕೇಳಿದವರು ಅವರೊಬ್ಬರೇ.

ನಮ್ಮ ತೋಟ ಇರುವುದು ಭದ್ರಾವತಿ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ಅಚ್ಚುಕಟ್ಟಿಗೆ ಸೇರಿದ ಜಾಗದಲ್ಲಿ. ಅಡಿಕೆ, ಒಂದಿಷ್ಟು ಗದ್ದೆ. ಮಕ್ಕಳ ಶಾಲೆಗೆಂದು ಮಾಡಿಕೊಂಡ ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಅಪ್ಪ ವಿಐಎಸ್‌ಎಲ್ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು, ಭದ್ರಾವತಿಯಲ್ಲೇ ಇದ್ದಾರೆ. ಹೀಗಾಗಿ ನಮ್ಮ ಬದುಕು ಈ ಎರಡು ಊರುಗಳ ನಡುವಿನ ಬಿ.ಎಚ್. ರಸ್ತೆಯ ಮೇಲೇ ನಡೆಯುವುದು. ಮನೆಯ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ, ಗಾಡಿ ಓಡಿಸುವವಳೂ ನಾನೇ. ಆದ್ದರಿಂದ ವಿಚಾರಿಸುವ ಕೆಲಸವೂ ನನ್ನ ಪಾಲಿಗೇ ಬಂತು.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಡೀಸೆಲ್ ಪಂಪು, ನಾಜಲ್ ಕೆಲಸ ಮಾಡುವ ಒಬ್ಬ ಹಿರಿಯ ಸಾಬರಿದ್ದಾರೆ. ನಮ್ಮ ಟಿಲ್ಲರ್ ಕೆಟ್ಟಾಗಲೆಲ್ಲ ಪಂಪು ಬಿಚ್ಚಿ ಅವರ ಹತ್ತಿರವೇ ಒಯ್ಯುವುದು. “ಯಾವ ಎಂಜಿನ್ ಒಳ್ಳೇದು ಸಾಬ್ರೇ?” ಎಂದೆ. ಅವರು ಕೈ ಒರೆಸಿಕೊಳ್ಳುತ್ತ, “ಎಂಜಿನ್ ನೀವು ಆರಿಸೋದಲ್ಲ ಅಕ್ಕಾ. ಕ್ಯಾಬಿನ್ ಯಾವ್ದು ಅಂತ ನೀವು ಹೇಳಿ, ಎಂಜಿನ್ ತಾನಾಗೇ ಅದರ ಹಿಂದೆ ಬರ್ತದೆ” ಎಂದರು.

ಅವರ ಮಾತು ಅಕ್ಷರಶಃ ನಿಜ. ಅಮೆರಿಕದಲ್ಲಿ ಫೋರ್ಡ್ ಎಫ್-150 ಕೊಳ್ಳುವವನಿಗೆ ಕ್ಯಾಬಿನ್‌ನಲ್ಲೇ ಮೂರು ಅಳತೆ: ಒಂದೇ ಸಾಲಿನದು, ಹಿಂದೆ ಅರೆ ಸೀಟಿನದು, ಪೂರ್ತಿ ಎರಡು ಸಾಲಿನದು. ಅದಕ್ಕೆ ಆರು ಸಿಲಿಂಡರ್, ಎಂಟು ಸಿಲಿಂಡರ್, ಹೈಬ್ರಿಡ್ ಎಂದು ಬೇಕಾದ ಎಂಜಿನ್ ಹಾಕಿಸಿಕೊಳ್ಳುವ ಅವಕಾಶವೂ ಉಂಟು. ನಮ್ಮಲ್ಲಿ ಆ ಭಾಗ್ಯವಿಲ್ಲ. ಇರುವುದು ಎರಡೇ ಅಳತೆ. ಡ್ರೈವರ್ ಪಕ್ಕ ಒಬ್ಬಿಬ್ಬರು ಕೂರುವ ಸಿಂಗಲ್ ಕ್ಯಾಬ್ ಒಂದು, ಐದು ಜನ ಕೂರುವ ಡಬಲ್ ಕ್ಯಾಬ್ ಇನ್ನೊಂದು. ಮಾದರಿ ಹೆಸರು ಹೇಳಿದರೆ ಸಾಕು, ಎಂಜಿನ್ ಯಾವುದೆಂದು ಕಂಪನಿಯೇ ಮೊದಲು ತೀರ್ಮಾನಿಸಿಟ್ಟಿರುತ್ತದೆ. ಹಾಗಿದ್ದೂ ಶೋರೂಮಿಗೆ ಹೋದ ಗಂಡಸರು ಅರ್ಧ ಗಂಟೆ ಬಾನೆಟ್ ಎತ್ತಿಸಿ ನೋಡುತ್ತಾರೆ, ಹಿಂದಿನ ಬಾಗಿಲು ತೆಗೆದು ಒಮ್ಮೆ ಕೂತು ನೋಡುವುದಿಲ್ಲ.

ಕ್ಯಾಬಿನ್ ಮುಖ್ಯ ಯಾಕೆಂದರೆ, ಅದು ಉದ್ದವಾದಷ್ಟೂ ಹಿಂದಿನ ತೊಟ್ಟಿ ಗಿಡ್ಡವಾಗುತ್ತದೆ. ಒಂದು ಟನ್ನಿನ ಆಚೆಯ ಸಿಂಗಲ್ ಕ್ಯಾಬ್ ಗಾಡಿಗಳ ತೊಟ್ಟಿ ಎಂಟು, ಒಂಬತ್ತು ಅಡಿ ಇರುತ್ತದೆ. ಡಬಲ್ ಕ್ಯಾಬ್‌ನದು ಸುಮಾರು ಐದು ಅಡಿ. ತೋಟದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತು ಅಡಿಯ ಪಿವಿಸಿ ಪೈಪು ಎರಡರಲ್ಲೂ ಹೊರಗೆ ಚಾಚುತ್ತದೆ, ಆದರೆ ಐದಡಿಯ ತೊಟ್ಟಿಯಲ್ಲಿ ಅದನ್ನು ಕ್ಯಾಬಿನ್ ಮೇಲೆ ಕ್ಯಾರಿಯರ್ ಹಾಕಿಸಿಯೇ ಒಯ್ಯಬೇಕು. ಕೊನೆ ಕೊಯ್ಯುವ ಫೈಬರ್ ದೋಟಿ ಮಡಚಿದರೂ ಮೂಲೆಯಿಂದ ಮೂಲೆಗೆ ಓರೆಯಾಗಿ ಇಡಬೇಕಾಗುತ್ತದೆ. ಹಸಿ ಅಡಿಕೆ ಸಾಗಿಸುವವರಿಗಂತೂ ತೊಟ್ಟಿಯೇ ಜೀವ. ಕ್ವಿಂಟಾಲ್ ಹಸಿ ಕಾಯಿಗೆ ಒಣ ಅಡಿಕೆ ಸಿಗುವುದು ಹದಿಮೂರು ಕೆಜಿಯ ಆಸುಪಾಸು. ಅಂದರೆ ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವ ಮನೆಗೆ ಒಂದಷ್ಟು ಚೀಲ ಹಿಡಿಯುವ ಗಾಡಿ ಸಾಕು. ಹಸಿಕಾಯಿಯನ್ನೇ ತುಂಬಿಕೊಂಡು ಊರೂರು ತಿರುಗುವ ಖೇಣಿದಾರನಿಗೆ ಅದರ ಏಳೆಂಟು ಪಟ್ಟು ಜಾಗ ಬೇಕು. ನಾವು ಒಣಗಿಸಿಯೇ ಮಾರುವವರು. ಡಬಲ್ ಕ್ಯಾಬ್ ನಮಗೆ ಸಾಧ್ಯವಾದದ್ದು ಈ ಒಂದು ಕಾರಣದಿಂದ.

ತೂಕದ ಲೆಕ್ಕ ಇನ್ನೂ ಮುಖ್ಯ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕವೂ ಇರುತ್ತದೆ, ತುಂಬಿದಾಗ ಎಷ್ಟು ಇರಬಹುದು ಎಂಬುದೂ ಇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದಷ್ಟೇ ನಮ್ಮದು, ಅದರೊಳಗೇ ಮನುಷ್ಯರೂ ಬರಬೇಕು. ಐದು ಜನ ದೊಡ್ಡವರು ಕೂತರೆ ಮುನ್ನೂರು ಕೆಜಿ ಅಲ್ಲಿಗೇ ಹೋಯಿತು. ಯೂರಿಯಾ ಚೀಲ ಈಗ 45 ಕೆಜಿಯದು. ಇಪ್ಪತ್ತು ಚೀಲಕ್ಕೆ 900 ಕೆಜಿ. ಒಂದು ಟನ್ ಹೊರುವ, ಡಬಲ್ ಕ್ಯಾಬ್‌ನ ಬೊಲೆರೊ ಕ್ಯಾಂಪರ್‌ನಲ್ಲಿ ಇಪ್ಪತ್ತು ಚೀಲ ತರಬಹುದು, ಆದರೆ ಆ ದಿನ ಸಂಸಾರ ಮನೆಯಲ್ಲೇ ಇರಬೇಕು.

ಮೈದುನನ ಮನಸ್ಸಿನಲ್ಲಿದ್ದ ದೊಡ್ಡ ಗಾಡಿಗಳ ಕಥೆ ಇಲ್ಲಿ ವಿಚಿತ್ರವಾಗುತ್ತದೆ. ಹೈಲಕ್ಸ್ ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿ, 2022ರಲ್ಲಿ ಇಲ್ಲಿ ಮಾರಾಟಕ್ಕೆ ಬಂತು. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ವಿ-ಕ್ರಾಸ್ ಅದಕ್ಕಿಂತ ಮೊದಲೇ, 2016ರಲ್ಲಿ ಬಂದಿತ್ತು. ನೋಡಿದರೆ ಬೆಟ್ಟವನ್ನೇ ಎಳೆಯುವಂತೆ ಕಾಣುತ್ತವೆ. ಕಾಗದದ ಮೇಲೆ ಅವು ಹೊರಬಹುದಾದ ಭಾರ ಅರ್ಧ ಟನ್ನೂ ಇಲ್ಲ. ಹತ್ತು ಲಕ್ಷದ ಆಸುಪಾಸಿನ ಗಾಡಿ ಒಂದು ಟನ್ ಹೊರುತ್ತದೆ, ಮೂವತ್ತು ಲಕ್ಷದ ಆಸುಪಾಸಿನದು ಅದರ ಅರ್ಧ! ಈ ದೊಡ್ಡ ಗಾಡಿಗಳನ್ನು ಮಾಡಿರುವುದು ಮನೆಮಂದಿ ಆರಾಮಾಗಿ ಕೂತು ದೂರ ಹೋಗಲೆಂದು. ಹಾಗೆ ಹೋಗುವ ಮನೆಗಳೂ ಇವೆ, ತಪ್ಪೇನಿಲ್ಲ. ಯೂರಿಯಾ ತರಲಿಕ್ಕೆ ಅದನ್ನು ಕೊಳ್ಳಬೇಕಿಲ್ಲ, ಅಷ್ಟೆ.

ಉದ್ದವನ್ನೂ ಅಳೆದು ನೋಡಿ. ಹೈಲಕ್ಸ್ 5,325 ಮಿಲಿಮೀಟರ್, ಅಂದರೆ ಹದಿನೇಳೂವರೆ ಅಡಿ. 30×40 ಸೈಟಿನಲ್ಲಿ ಮನೆ ಕಟ್ಟಿಕೊಂಡವರು ಪೋರ್ಟಿಕೋಗೆ ಅಷ್ಟು ಉದ್ದ ಎಲ್ಲಿ ಬಿಟ್ಟಿರುತ್ತಾರೆ? ನಮ್ಮದರಲ್ಲಿ ಗೇಟು ಹಾಕಲು ಆಗುವುದಿಲ್ಲ ಎಂದು ಟೇಪು ಹಿಡಿದ ಕೂಡಲೇ ಗೊತ್ತಾಯಿತು. ಗಾಂಧಿ ಬಜಾರ್, ದುರ್ಗಿಗುಡಿಗಳಲ್ಲಿ ಅದನ್ನು ನಿಲ್ಲಿಸುವ ಸಂಕಟ ಬೇರೆ.

ಇನ್ನು ಎಂಜಿನ್ನಿಗೆ ಬರೋಣ. ಮೈದುನನ ಎಚ್‌ಪಿ ಲೆಕ್ಕವನ್ನು ಸಾಬರಿಗೆ ಹೇಳಿದೆ. “ಎಚ್‌ಪಿ ರೋಡಿಗೆ, ಟಾರ್ಕು ಲೋಡಿಗೆ” ಎಂದರು. ಟಾರ್ಕ್ ಎಂದರೆ ಎಂಜಿನ್ ತನ್ನ ದಂಡವನ್ನು ತಿರುಚುವ ಬಲ. ನಿಂತ ಗಾಡಿ ಕೆಸರಿನಿಂದ ಏಳಬೇಕಾದರೆ, ಚಾನಲ್ ಏರಿಯ ದಿಬ್ಬವನ್ನು ಲೋಡಿನೊಂದಿಗೆ ಹತ್ತಬೇಕಾದರೆ ಬೇಕಾಗುವುದು ಅದು. ಆ ಬಲದ ಜೊತೆ ಎಂಜಿನ್ ಎಷ್ಟು ಜೋರಾಗಿ ಸುತ್ತುತ್ತದೆ ಎಂಬುದನ್ನೂ ಸೇರಿಸಿದಾಗ ಬರುವ ಲೆಕ್ಕ ಎಚ್‌ಪಿ. ಹೆದ್ದಾರಿಯಲ್ಲಿ ನೂರರ ಮೇಲೆ ಓಡಿ ಇನ್ನೊಂದು ಗಾಡಿಯನ್ನು ಹಿಂದೆ ಹಾಕಲು ಅದು ಬೇಕು. ಹಳದಿ ಬೋರ್ಡಿನ ಪಿಕಪ್‌ಗಳಿಗೆ ಗಂಟೆಗೆ 80 ಕಿ.ಮೀ. ವೇಗದ ಮಿತಿಯನ್ನು ಕಂಪನಿಯಲ್ಲೇ ಕೂರಿಸಿ ಕಳಿಸುತ್ತಾರೆ. ಆ ಮೇಲೆ ಎಚ್‌ಪಿ ಇಟ್ಟುಕೊಂಡು ಮಾಡುವುದೇನು?

ಕ್ಯಾಂಪರ್‌ನ 2.5 ಲೀಟರ್ ಎಂಜಿನ್ನಿನ ಟಾರ್ಕ್ 200 ನ್ಯೂಟನ್ ಮೀಟರ್. ಅದು ನಿಮಿಷಕ್ಕೆ 1,400 ಸುತ್ತಿನಲ್ಲೇ ಕೈಗೆ ಸಿಗುತ್ತದೆ. ಹಾಗೆಂದರೆ ಆಕ್ಸಿಲರೇಟರ್ ಒತ್ತಿ ಕಿರುಚಿಸಬೇಕಿಲ್ಲ, ಕ್ಲಚ್ ಬಿಡುತ್ತಿದ್ದ ಹಾಗೆಯೇ ಎಳೆತ ಶುರು. ಟಾಟಾ ಯೋಧದ 2.2 ಲೀಟರ್ ಎಂಜಿನ್ನಿಗೆ ನೂರರ ಆಸುಪಾಸಿನ ಎಚ್‌ಪಿ, 250 ಟಾರ್ಕ್. ಹೈಲಕ್ಸ್‌ನ 2.8 ಲೀಟರಿಗೆ ಗೇರಿನದ್ದಾದರೆ 420, ಆಟೋಮ್ಯಾಟಿಕ್ ಆದರೆ 500. ಓದಿದಾಗ 200 ಎಂಬುದು ಸಪ್ಪೆ ಎನಿಸುತ್ತದೆ. ಆದರೆ ನೆನಪಿರಲಿ, 2005ರಲ್ಲಿ ಬಂದು ನಮ್ಮ ಊರುಗಳ ಗಲ್ಲಿಗಲ್ಲಿಗೂ ಸಾಮಾನು ಹಾಕಿದ ಟಾಟಾ ಏಸ್‌ಗೆ ಇದ್ದದ್ದು ಎರಡು ಸಿಲಿಂಡರ್, 16 ಎಚ್‌ಪಿ.

ಸಿಸಿ ನೋಡಿ ಮರುಳಾಗುವವರಿಗೆ ಇಸುಜು ಒಳ್ಳೆಯ ಪಾಠ. ಅವರ ಹಳದಿ ಬೋರ್ಡಿನ ಎಸ್-ಕ್ಯಾಬ್‌ನಲ್ಲಿರುವುದು 2.5 ಲೀಟರ್ ಎಂಜಿನ್: 78 ಎಚ್‌ಪಿ, 176 ಟಾರ್ಕ್. ವಿ-ಕ್ರಾಸ್‌ನಲ್ಲಿರುವುದು ಅದಕ್ಕಿಂತ ಚಿಕ್ಕದಾದ 1.9 ಲೀಟರ್: 163 ಎಚ್‌ಪಿ, 360 ಟಾರ್ಕ್. ಚಿಕ್ಕ ಎಂಜಿನ್ ದೊಡ್ಡದರ ಎರಡು ಪಟ್ಟು ಎಳೆಯುತ್ತದೆ. ಟರ್ಬೋ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತದೆ, ಇಂಜೆಕ್ಟರು ಹೆಚ್ಚು ಒತ್ತಡದಲ್ಲಿ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸುತ್ತದೆ, ಅದೇ ಗುಟ್ಟು. ಈ ಸೂಕ್ಷ್ಮದ ಬೆಲೆ ರಿಪೇರಿ ಬಂದಾಗ ತಿಳಿಯುತ್ತದೆ. ಸಾಬರ ಮಾತಿನಲ್ಲೇ ಹೇಳುವುದಾದರೆ, “ಜಾಸ್ತಿ ಎಳೆಯೋ ಚಿಕ್ಕ ಎಂಜಿನ್‌ಗೆ ಒಳ್ಳೇ ಎಣ್ಣೆ, ಟೈಮಿಗೆ ಸರ್ವಿಸು ಬೇಕೇ ಬೇಕು. ದೊಡ್ಡ ಎಂಜಿನ್ನು ಕಮ್ಮಿ ಎಳೆದ್ರೂ ಸ್ವಲ್ಪ ತಡ್ಕೊಳ್ತದೆ.”

ಡೀಸೆಲ್ಲಿನ ವಿಷಯದಲ್ಲಿ ತೋಟದ ಮನೆಯವರಿಗೆ ಒಂದು ಮಾತು ಹೇಳಲೇಬೇಕು. 2020ರ ಏಪ್ರಿಲ್‌ನಿಂದ ಬಂದ ಗಾಡಿಗಳೆಲ್ಲ ಬಿಎಸ್-6. ಆಗಿನಿಂದ ಡೀಸೆಲ್ಲಿನಲ್ಲಿ ಗಂಧಕದ ಮಿತಿಯೂ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಎಂಜಿನ್ನುಗಳನ್ನು ಅಷ್ಟು ಶುದ್ಧ ಎಣ್ಣೆಗೆಂದೇ ಕಟ್ಟಿದ್ದಾರೆ. ಟಿಲ್ಲರ್‌ಗೆಂದು ಕೊಟ್ಟಿಗೆಯಲ್ಲಿ ಕ್ಯಾನು, ಡ್ರಮ್ಮುಗಳಲ್ಲಿ ಡೀಸೆಲ್ ತಂದಿಡುವ ಅಭ್ಯಾಸ ನಮ್ಮಲ್ಲಿದೆಯಲ್ಲ, ಮಳೆಗಾಲದಲ್ಲಿ ಅದರೊಳಗೆ ನೀರಿನ ಪಸೆ ಸೇರುತ್ತದೆ, ತುಕ್ಕು ಇಳಿಯುತ್ತದೆ. ಹಳೇ ಟಿಲ್ಲರ್ ಅದನ್ನು ಕುಡಿದು ಕೆಮ್ಮುತ್ತಲಾದರೂ ಓಡುತ್ತದೆ. ಹೊಸ ಪಿಕಪ್‌ನ ಇಂಜೆಕ್ಟರು ಅದನ್ನು ತಡೆದುಕೊಳ್ಳುವುದಿಲ್ಲ. ತುರ್ತು ಬಂದರೂ ಆ ಕ್ಯಾನಿಗೆ ಕೈ ಹಾಕಬೇಡಿ.

ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಸೋಸುಕ ಕೂರುತ್ತದೆ. ಮಸಿಯನ್ನು ಹಿಡಿದಿಟ್ಟುಕೊಂಡು, ಕಾವು ಸಾಕಷ್ಟು ಏರಿದಾಗ ಸುಟ್ಟು ಹಾಕುವುದು ಅದರ ಕೆಲಸ. ಮನೆಯಿಂದ ತೋಟಕ್ಕೆ ಎರಡು ಮೂರು ಕಿಲೋಮೀಟರ್ ಹೋಗಿ ನಿಲ್ಲಿಸುವ ಗಾಡಿಯಲ್ಲಿ ಆ ಕಾವು ಏರುವುದೇ ಇಲ್ಲ. ಮಸಿ ಕಟ್ಟಿಕೊಂಡು ದೀಪ ಹತ್ತುತ್ತದೆ. ಶಿವಮೊಗ್ಗ ಭದ್ರಾವತಿ ನಡುವೆ ಸುಮಾರು ಇಪ್ಪತ್ತು ಕಿ.ಮೀ. ಒಂದೇ ಹದದಲ್ಲಿ ಆಗಾಗ ಓಡಿಸುವ ನಮ್ಮಂಥವರಿಗೆ ಆ ತೊಂದರೆ ಕಡಿಮೆ. ಪೇಟೆಯೊಳಗೇ ಅಂಗಡಿಯಿಂದ ಅಂಗಡಿಗೆ ಸಾಮಾನು ಹಾಕುವವರು ಡೀಸೆಲ್ಲಿನ ಗೊಡವೆ ಬಿಟ್ಟು ಪೆಟ್ರೋಲ್ ಇಲ್ಲವೇ ಸಿಎನ್‌ಜಿಯ ಸಣ್ಣ ಗಾಡಿ ನೋಡುವುದು ಒಳ್ಳೆಯದು.

ಫೋರ್ ವೀಲ್ ಡ್ರೈವ್ ಬೇಕೇ? ಆಗುಂಬೆಯ ಹದಿನಾಲ್ಕು ತಿರುವು ಹತ್ತಲು ಬೇಡ, ಅಲ್ಲಿರುವುದು ಡಾಂಬರು ರಸ್ತೆ. ಮಳೆಗಾಲದಲ್ಲಿ ಕಪ್ಪು ಮಣ್ಣಿನ ಗದ್ದೆ ದಾರಿಯಲ್ಲಿ ದಿನಾ ಇಳಿಯುವವರಿಗೆ ಬೇಕು. ಉಳಿದವರಿಗೆ ಅದು ಎಣ್ಣೆ ಕುಡಿಯುವ ಭಾರ.

ಇನ್ನು ಬೋರ್ಡಿನ ಬಣ್ಣ. ಕ್ಯಾಬಿನ್ ಆರಿಸುವಾಗ ಯಾರೂ ಇದನ್ನು ನಮಗೆ ತಾವಾಗಿ ಹೇಳಲಿಲ್ಲ. ಸಿಂಗಲ್ ಕ್ಯಾಬ್, ಕ್ಯಾಂಪರ್, ಯೋಧ, ಎಸ್-ಕ್ಯಾಬ್‌ಗಳು ಸಾಮಾನ್ಯವಾಗಿ ಸರಕು ವಾಹನವಾಗಿ ಹಳದಿ ಬೋರ್ಡಿನಲ್ಲಿ ನೋಂದಣಿಯಾಗುತ್ತವೆ. ವಿ-ಕ್ರಾಸ್, ಹೈಲಕ್ಸ್ ಬಿಳಿ ಬೋರ್ಡಿನವು. ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪತ್ರದ ವಿಷಯದಲ್ಲಿ ಬಿಳಿಗೆ ಹದಿನೈದು ವರ್ಷ ನಿಶ್ಚಿಂತೆ. ಹಳದಿಗೆ ಹೊಸದರಲ್ಲಿ ಎರಡು ವರ್ಷ, ಆಮೇಲೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್‌ಸಿ. ವಿಮೆಯಲ್ಲೂ ಅಂತರವಿದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1500 ಸಿಸಿ ಮೇಲಿನ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ ₹7,897, ಸಣ್ಣ ಸರಕು ಗಾಡಿಗೆ ₹16,049. 2025ರ ಆಗಸ್ಟ್ 15ರಂದು ₹3,000ಕ್ಕೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸು ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ, ಹಳದಿ ಬೋರ್ಡಿಗೆ ಇಲ್ಲ.

ಹಾಗಂತ ಹಳದಿ ಬೋರ್ಡಿಗೆ ಹೆದರಬೇಕಿಲ್ಲ. ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ಟೇ ಬೇಡ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ ಆ ತೆರಿಗೆಯ ಕ್ರೆಡಿಟ್ಟೂ ಸಿಗುತ್ತದೆ, ನಮ್ಮಂಥ ಕೃಷಿಕರಿಗೆ ಆ ಭಾಗ್ಯವಿಲ್ಲ. “ಹಳದಿ ಬೋರ್ಡು ಓಡಿಸೋಕೆ ಬ್ಯಾಡ್ಜ್ ಬೇಕಲ್ಲ ಅತ್ತಿಗೆ, ನೀವು ಹೇಗೆ ಓಡಿಸ್ತೀರಿ?” ಎಂದು ಮೈದುನ ಕೊನೆಯ ಅಸ್ತ್ರ ಬಿಟ್ಟ. ಒಟ್ಟು ತೂಕ 7,500 ಕೆಜಿಯೊಳಗಿನ ಸಾರಿಗೆ ವಾಹನವನ್ನು ಸಾಮಾನ್ಯ ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿಬಿಟ್ಟಿದೆ. ಅವನ ಮುಂದೆ ಪತ್ರಿಕೆ ಹಿಡಿದೆ.

ಆದರೆ ಒಂದು ವಿಷಯದಲ್ಲಿ ಹೆದರಲೇಬೇಕು. ದಿಬ್ಬಣಕ್ಕೆ, ಜಾತ್ರೆಗೆ, ಕೊನೆ ಕೊಯ್ಲಿಗೆ ಪಿಕಪ್‌ನ ತೊಟ್ಟಿಯಲ್ಲಿ ಜನ ತುಂಬಿಕೊಂಡು ಹೋಗುವುದನ್ನು ನಮ್ಮ ರಸ್ತೆಗಳಲ್ಲಿ ನೋಡದವರಿಲ್ಲ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು ಎರಡು ದಶಕ ಆಯಿತು. ಪೆಟ್ಟಾದರೆ ಪರಿಹಾರ ಗಾಡಿ ಮಾಲೀಕನ ತಲೆಯ ಮೇಲೆ ಬಂದು ಕೂರಬಹುದು. ತೊಟ್ಟಿ ಬಿಡಿ, ಹಳದಿ ಬೋರ್ಡಿನ ಡಬಲ್ ಕ್ಯಾಬ್‌ನಲ್ಲಿ ಸೀಟಿನ ಮೇಲೇ ಕೂತ ಅತ್ತೆಗೆ, ಮಕ್ಕಳಿಗೆ ರಕ್ಷಣೆ ಉಂಟೇ? ಸರಕಿನ ಮಾಲೀಕನಿಗೆ, ಅವನ ಪರವಾಗಿ ಬಂದವನಿಗೆ ಕಾನೂನಿನಲ್ಲೇ ರಕ್ಷಣೆ ಇದೆ. ಬಾಡಿಗೆ ಕೊಡದೆ ಕೂರುವ ಉಳಿದವರಿಗೆ ಪಾಲಿಸಿಯಲ್ಲಿ ಬೇರೆ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕು. ಅದಕ್ಕೆಂದೇ ಒಂದು ಕಲಮು ಇದೆ, ಕೇಳದಿದ್ದರೆ ಯಾರೂ ಹಾಕುವುದಿಲ್ಲ.

ಅತ್ತೆಯನ್ನು ಕರೆದುಕೊಂಡು ಹೋಗಿ ಕ್ಯಾಂಪರ್‌ನ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಮಂಡಿ ನೋವಿನವರಿಗೆ ಎಲ್ಲ ಪಿಕಪ್ಪೂ ಎತ್ತರವೇ. ಮೆಟ್ಟಿಲು ಹಾಕಿಸಿದರೆ, ಹಿಡಿಯಲು ಒಂದು ಹಿಡಿ ಇದ್ದರೆ ಹತ್ತುತ್ತಾರೆ. ಬೆನ್ನು ನೆಟ್ಟಗೆ ನಿಲ್ಲಿಸಿದ ಹಾಗಿರುವ ಸೀಟು, ಹಿಂದೆ ಭಾರ ಹೊರಲೆಂದು ಕೂರಿಸಿದ ಕಮಾನು ಪಟ್ಟಿ, ಖಾಲಿ ಗಾಡಿಯಲ್ಲಿ ಹಂಪಿಗೊಂದು ಎಗರು. “ಶಿವಮೊಗ್ಗದಿಂದ ತೋಟಕ್ಕೆ ಸರಿ, ಧರ್ಮಸ್ಥಳಕ್ಕೆ ನಾನು ಬಸ್ಸಲ್ಲೇ ಬರ್ತೀನಿ” ಎಂದು ತೀರ್ಪು ಕೊಟ್ಟರು. ಅದು ನ್ಯಾಯವಾದ ತೀರ್ಪು. ಏರ್‌ಬ್ಯಾಗಿನ ಲೆಕ್ಕದಲ್ಲೂ ಹೈಲಕ್ಸ್‌ನ ಏಳರ ಹತ್ತಿರ ಅಗ್ಗದ ಗಾಡಿಗಳು ಸುಳಿಯುವುದಿಲ್ಲ. ದೂರ ಪ್ರಯಾಣ ಹೆಚ್ಚಿರುವ ಮನೆಯವರು ಇದನ್ನು ಹಗುರವಾಗಿ ಎಣಿಸಬಾರದು.

ಅಪ್ಪನನ್ನೂ ಕೇಳಿದೆ. ಕಬ್ಬಿಣದ ಕಾರ್ಖಾನೆಯಲ್ಲಿ ಆಯುಷ್ಯ ಕಳೆದವರು, ಮಾತು ಕಡಿಮೆ. “ವರ್ಷದಲ್ಲಿ ಎಷ್ಟು ದಿನ ಟನ್ ಹೊರಿಸ್ತೀಯ?” ಎಂದರು. ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಗೊಬ್ಬರ ತರುವಾಗ, ಅಡಿಕೆಯನ್ನು ಎಪಿಎಂಸಿಗೆ ಹಾಕುವಾಗ, ಭತ್ತ ಮಿಲ್ಲಿಗೆ ಹೋಗುವಾಗ ಮಾತ್ರ. ಉಳಿದ ದಿನವೆಲ್ಲ ನಾಲ್ಕೈದು ಚೀಲ, ಸುಟ್ಟ ಮೋಟರು, ಪೈಪು, ಜೊತೆಗೆ ಮನೆಯವರು. ಹಾಗಾಗಿ ನಾವು ಬುಕ್ ಮಾಡಿದ್ದು ಕ್ಯಾಂಪರ್, ಟೂ ವೀಲ್ ಡ್ರೈವ್. ಹೆಚ್ಚು ಭಾರದ ದಿನಕ್ಕೆ ಊರಲ್ಲಿ ಬಾಡಿಗೆಯ ದೊಡ್ಡ ಪಿಕಪ್ ಸಿಗುತ್ತದೆ.

ಬೇರೆಯವರ ಮನೆಗೆ ನನ್ನ ಉತ್ತರ ಬೇರೆ. ಮನೆಯಲ್ಲಿ ಆಗಲೇ ಒಂದು ಕಾರಿದ್ದರೆ ಡಬಲ್ ಕ್ಯಾಬ್ ದಂಡ, ಕಣ್ಣು ಮುಚ್ಚಿ ಸಿಂಗಲ್ ಕ್ಯಾಬ್ ತಗೊಳ್ಳಿ. ಕಾರಿಲ್ಲ, ಒಂದೇ ಗಾಡಿಯಲ್ಲಿ ಎರಡೂ ಆಗಬೇಕು ಎನ್ನುವವರಿಗೆ ಹಳದಿ ಬೋರ್ಡಿನ ಡಬಲ್ ಕ್ಯಾಬ್. ತಿಂಗಳಿಗೊಮ್ಮೆಯೂ ಅರ್ಧ ಟನ್ ಹೊರಿಸದವರು ಪಿಕಪ್ಪೇ ಕೊಳ್ಳಬೇಡಿ. ಯಾವುದೇ ಆಗಲಿ, ಬುಕಿಂಗ್ ದುಡ್ಡು ಕಟ್ಟುವ ಮೊದಲು ಪೋರ್ಟಿಕೋ ಅಳೆಯಿರಿ, ಮನೆಯ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಒಂದು ಸುತ್ತು ಹೊಡೆಯಿರಿ, ಆ ಸೀಟಿನಲ್ಲಿ ಕೂರುವವರಿಗೂ ವಿಮೆ ಇದೆ ಎಂಬುದನ್ನು ಏಜೆಂಟರಿಂದ ಬರಹದಲ್ಲೇ ಪಡೆಯಿರಿ.